ಹತ್ತು ತಿಂಗಳ ಮುಂಗಡ

(ಕೆಲಸಕ್ಕಾಗಿ ಬೆಂಗಳೂರಿಗೆ ಹೊರಟಿರುವ ತರುಣ ತರುಣಿಯರೂ ಅವರ ಹಿರಿಯರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮೂರ ಬಸ್ ನಿಲ್ದಾಣದಲ್ಲಿ ರಾತ್ರಿ ಹತ್ತು ಗಂಟೆಗೆ ನಿಂತು ನೋಡಿದವರಿಗೆ, ನಾವು ಇಂದು ಈ ವಿಷಯವನ್ನು ಏಕೆ ಎತ್ತಿಕೊಂಡಿದ್ದೇವೆಂದು ಹೇಳಬೇಕಾಗಿಲ್ಲ. ಬೆಂಗಳೂರಿನ ಬಸ್ಸು ಹೊರಡುವ ಹೊತ್ತಿಗೆ ಅಲ್ಲಿ ಒಂದು ಸಣ್ಣ ಜಾತ್ರೆಯೇ ನೆರೆದಿರುತ್ತದೆ. ತಾಯಿ ಉಪ್ಪಿನಕಾಯಿಯ ಡಬ್ಬಿಯನ್ನು ಚೀಲದೊಳಗೆ ತುರುಕುತ್ತಾಳೆ. ತಂದೆ ಜೇಬಿನಿಂದ ಮಡಿಸಿದ ನೋಟು ತೆಗೆದು ಕೊಡುತ್ತಾನೆ. ಸಂಬಳ ಎಷ್ಟು, ಕೆಲಸ ಖಾಯಮ್ಮೋ ಅಲ್ಲವೋ, ರಜೆ ಯಾವಾಗ, ಈ ಪ್ರಶ್ನೆಗಳೆಲ್ಲ ಮನೆಯಲ್ಲೇ ಮುಗಿದಿರುತ್ತವೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: “ಮಗೂ, ಅಲ್ಲಿ ಇರುವುದೆಲ್ಲಿ?” ಕೇಳಿದರೂ “ಗೆಳೆಯರ ರೂಮು ಉಂಟು” ಎಂಬ ಉತ್ತರಕ್ಕೆ ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಗೆಳೆಯರ ರೂಮು ಹದಿನೈದು ದಿನಕ್ಕೆ ಮುಗಿಯುತ್ತದೆ. ಹದಿನಾರನೆಯ ದಿನದಿಂದ ಶುರುವಾಗುವ ಕಥೆಯನ್ನೇ ನಾವು ಇಂದು ಹೇಳಹೊರಟಿದ್ದೇವೆ.

ನಾವು ಹತ್ತನೆಯ ತರಗತಿ ಮುಗಿಸಿದವರು, ಕಾನೂನು ಪಂಡಿತರಲ್ಲ. ಈ ಕೆಲಸಕ್ಕೆ ಬರುವ ಮುನ್ನ ಒಂದು ಚಿಕ್ಕ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳುತ್ತಿದ್ದವರು. ಆದ್ದರಿಂದ ನಮಗೆ ಗೊತ್ತಿರುವ ದಾರಿಯಲ್ಲೇ, ಅಂದರೆ ಒಂದು ಲೆಕ್ಕದಿಂದಲೇ ಮೊದಲು ಮಾಡುತ್ತೇವೆ.

ನಮ್ಮ ಹಳೆಯ ವಿದ್ಯಾರ್ಥಿನಿ ಒಬ್ಬಳು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳು. ಕೈಗೆ ಬರುತ್ತಿದ್ದುದು ತಿಂಗಳಿಗೆ ೧೨,೫೦೦ ರೂಪಾಯಿ. ಅವಳೂ ಅಷ್ಟೇ ಸಂಬಳದ ಅವಳ ಗೆಳತಿಯೂ ಸೇರಿ ಬೊಮ್ಮನಹಳ್ಳಿಯ ಒಳಗಲ್ಲಿಯಲ್ಲಿ ಒಂದು ಕೋಣೆ ಹುಡುಕಿದರು. ಕೋಣೆಯೆಂದರೆ ಒಂದೇ ಕೋಣೆ. ಅದರ ಮೂಲೆಯಲ್ಲಿ ಅಡಿಗೆಯ ಕಟ್ಟೆ. ಕಕ್ಕಸು ಹೊರಗೆ, ನಾಲ್ಕು ಮನೆಗೆ ಒಂದು. ಹಿಂದಿನ ಕಾಲದಲ್ಲಿ ವಠಾರ ಎನ್ನುತ್ತಿದ್ದೆವಲ್ಲ, ಅದೇ ವಠಾರವನ್ನು ಈಗ ಒಂದರ ಮೇಲೊಂದು ನಾಲ್ಕು ಅಂತಸ್ತಿಗೆ ಏರಿಸಿದ್ದಾರೆ. ಬಾಡಿಗೆ ೬,೦೦೦ ರೂಪಾಯಿ. ಇಬ್ಬರ ದುಡಿಮೆ ೨೫,೦೦೦. ಆರು ಸಾವಿರ ಕಷ್ಟವೇ ಆದರೂ ಅಸಾಧ್ಯವಲ್ಲ ಎಂದು ನೀವು ಹೇಳುವಿರಿ. ನಾವೂ ಹಾಗೆಯೇ ಹೇಳಿದ್ದೆವು.

ಆದರೆ ಬಾಗಿಲ ಬೀಗ ತೆರೆಯುವುದು ಬಾಡಿಗೆಯಿಂದಲ್ಲ, ಮುಂಗಡದಿಂದ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ವಾಡಿಕೆಯಾಗಿಬಿಟ್ಟಿದೆ. ಬೇರೆ ಅನೇಕ ನಗರಗಳಲ್ಲಿ ಎರಡೋ ಮೂರೋ ತಿಂಗಳಿಗೆ ಮುಗಿಯುವ ಮಾತು ಇಲ್ಲಿ ಹತ್ತಕ್ಕೆ ಏರಿದೆ. ಮುಂಗಡ ೬೦,೦೦೦. ಮನೆ ತೋರಿಸಿದ ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ೬,೦೦೦. ಮೊದಲ ತಿಂಗಳ ಬಾಡಿಗೆ ೬,೦೦೦. ಒಟ್ಟು ೭೨,೦೦೦ ರೂಪಾಯಿ ಎಣಿಸಿ ಇಟ್ಟ ಮೇಲೆ ಬೀಗದ ಕೈ. ಇಬ್ಬರು ಹೆಣ್ಣುಮಕ್ಕಳು ಉಣ್ಣದೆ, ಉಡದೆ, ಊರಿಗೆ ಒಂದು ಕಾಸೂ ಕಳಿಸದೆ ಸುಮಾರು ಮೂರು ತಿಂಗಳು ದುಡಿದರೆ ಅಷ್ಟಾಗುತ್ತದೆ. ಉಣ್ಣದೆ ದುಡಿಯುವವರು ಯಾರು? ಆದ್ದರಿಂದ ಸಾಲ. ಸ್ವಲ್ಪ ಸಂಘದ ಸಾಲ, ಸ್ವಲ್ಪ ತಾಯಿಯ ಕಿವಿಯ ಓಲೆ. ಬಡ್ಡಿ ಸರಾಸರಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಅರವತ್ತು ಸಾವಿರಕ್ಕೆ ತಿಂಗಳಿಗೆ ೧,೨೦೦.

ಈಗ ಕರಿಹಲಗೆಯ ಮೇಲೆ ಬರೆಯೋಣ. ಅವರು ಆ ಕೋಣೆಯಲ್ಲಿ ಇದ್ದದ್ದು ೨೦ ತಿಂಗಳು. ಬಾಡಿಗೆ ೬,೦೦೦. ಮುಂಗಡದ ಬಡ್ಡಿ ೧,೨೦೦. ದಲ್ಲಾಳಿಗೆ ಕೊಟ್ಟದ್ದನ್ನು ಇಪ್ಪತ್ತು ತಿಂಗಳಿಗೆ ಹಂಚಿದರೆ ೩೦೦. ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ವಾಡಿಕೆ. ಅದನ್ನು ಹಂಚಿದರೆ ಇನ್ನು ೩೦೦. ನೀರಿಗೆಂದು ಬೇರೆ ೨೦೦. ಕೂಡಿಸಿ. ೮,೦೦೦. ಬಾಯಲ್ಲಿ ಹೇಳಿದ ಬಾಡಿಗೆ ಆರು, ಅಳೆದುಕೊಂಡದ್ದು ಎಂಟು.

ಮಲೆನಾಡಿನ ಹಿರಿಯರು ಇಲ್ಲಿ ಕೂತಿದ್ದೀರಿ. ಈ ಲೆಕ್ಕ ನಿಮಗೆ ಹೊಸದಲ್ಲ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತದ್ದು ಯಾವುದಕ್ಕಾಗಿ? ಗೇಣಿ ಅಳೆಯುವ ಕೊಳಗದ ಅಳತೆಯ ಜಗಳವೇ ಅದರ ಮೂಲ. ಇಷ್ಟು ಕೊಳಗ ಎಂದು ಮಾತಾಡಿ, ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಆ ಕೊಳಗ ಇಂದು ಬೆಂಗಳೂರಿಗೆ ಹೋಗಿದೆ. ಅದರ ಹೆಸರು ಮಾತ್ರ ಮುಂಗಡ.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಮನೆಯೊಡೆಯರೆಲ್ಲ ಸಾಹುಕಾರರಲ್ಲ. ಆ ಗಲ್ಲಿಯ ಮನೆಯ ಒಡೆಯರು ಕೂಡ ಹಿಂದೆ ಹೊಲ ಮಾರಿಕೊಂಡು, ಬ್ಯಾಂಕಿನ ಸಾಲ ತೆಗೆದು, ಮೂವತ್ತಡಿ ನಲವತ್ತಡಿಯ ನಿವೇಶನದ ಮೇಲೆ ಕಟ್ಟಿದವರೇ. ಹಳೆಯ ಬಾಡಿಗೆದಾರನ ಮುಂಗಡವನ್ನು ಹೊಸ ಬಾಡಿಗೆದಾರನ ಮುಂಗಡದಿಂದ ತೀರಿಸುತ್ತಾ, ಆ ಹಣವನ್ನು ಗೋಡೆಗೆ ಸುರಿದು, ತಾವೂ ಸಾಲದಲ್ಲೇ ಇರುವವರು ಅವರಲ್ಲಿ ಬಹಳ ಮಂದಿ. ಅವರನ್ನು ಬೈದು ನಮಗೆ ಬರುವ ಭಾಗ್ಯವಿಲ್ಲ. ಆದರೆ ಒಂದನ್ನು ಮರೆಯಬಾರದು. ಒಡೆಯನ ಬ್ಯಾಂಕ್ ಸಾಲಕ್ಕೆ ಕಾಗದವುಂಟು, ಕಾನೂನುಂಟು. ಬಾಡಿಗೆದಾರ ಒಡೆಯನಿಗೆ ಕೊಡುವ ಬಡ್ಡಿಯಿಲ್ಲದ ಸಾಲಕ್ಕೆ ಮಾತ್ರ ಅನೇಕ ವೇಳೆ ಬಾಯಿಮಾತೇ ಆಧಾರ.

ಆ ಹುಡುಗಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಇಪ್ಪತ್ತು ತಿಂಗಳಾದ ಮೇಲೆ ಕಾರ್ಖಾನೆಯ ಆ ಘಟಕ ಊರಾಚೆಗೆ ಹೋಯಿತು. ಇವರು ಮನೆ ಬಿಡಬೇಕಾಯಿತು. ಮುಂಗಡ ಕೇಳಿದರೆ ಒಡೆಯರು ಕರಾರು ಪತ್ರ ತೆಗೆದು ತೋರಿಸಿದರು. ಅದರಲ್ಲಿ ಬರೆದಿದ್ದುದು ೪೦,೦೦೦. ಉಳಿದ ೨೦,೦೦೦ ನಗದಾಗಿ ಕೈಯಿಂದ ಕೈಗೆ ಹೋಗಿತ್ತು. “ಕಾಗದದಲ್ಲಿ ಎಷ್ಟುಂಟೋ ಅಷ್ಟು” ಎಂದರು. ಸುಣ್ಣಬಣ್ಣಕ್ಕೆ ಆರು ಮುರಿದುಕೊಂಡು ೩೪,೦೦೦ ಕೈಗಿಟ್ಟರು. ಆ ಕಾಗದದ ಕೆಳಗೆ ಎರಡು ಸಾಕ್ಷಿಗಳ ರುಜು ಇತ್ತು. ಅದರಲ್ಲಿ ಒಂದು ನಮ್ಮದು. ಅಂದು ಬೆಂಗಳೂರಿಗೆ ಒಂದು ಸಭೆಗೆ ಹೋಗಿದ್ದೆವು. ಮೇಷ್ಟ್ರು ಬಂದಿದ್ದಾರೆ, ಸಾಕ್ಷಿ ಹಾಕಲಿ ಎಂದು ಹುಡುಗಿಯರು ಅಭಿಮಾನದಿಂದ ಕರೆದಿದ್ದರು. ನಾವು ಚಹಾ ಕುಡಿಯುತ್ತಾ, ಓದದೆ ರುಜು ಹಾಕಿದೆವು. ಮಕ್ಕಳಿಗೆ “ಲೆಕ್ಕ ಎರಡು ಸಲ ನೋಡಿ” ಎಂದು ಹೇಳಿದ ಬಾಯಿ ಅಂದು ಸುಮ್ಮನಿತ್ತು.

ಕಳೆದುಹೋದ ಇಪ್ಪತ್ತು ಸಾವಿರವನ್ನು ಇಪ್ಪತ್ತು ತಿಂಗಳಿಗೆ ಹಂಚಿ ನೋಡಿ: ತಿಂಗಳಿಗೆ ಇನ್ನೊಂದು ಸಾವಿರ. ಎಂಟಿದ್ದುದು ಒಂಬತ್ತಾಯಿತು. ಓಲೆ ಇನ್ನೂ ಬಿಡಿಸಿಕೊಂಡಿಲ್ಲ. ನಾವು ಇಂದು ಇಲ್ಲಿ ನಿಂತು ಮಾತಾಡುತ್ತಿರುವುದಕ್ಕೆ ಆ ಓಲೆಯೂ ಒಂದು ಕಾರಣ.

ಗೆಳೆಯರೇ, ಹಣವಿದ್ದರೂ ಬಾಗಿಲು ತೆರೆಯದಿರುವುದುಂಟು. ಮನೆ ಖಾಲಿ ಇದೆ ಎಂಬ ಹಲಗೆ ನೋಡಿ ಒಳಗೆ ಹೋದರೆ ಮೊದಲ ಪ್ರಶ್ನೆ “ಎಷ್ಟು ಜನ?”, ಎರಡನೆಯದು “ಯಾವ ಕಡೆಯವರು?” ಎರಡನೆಯ ಪ್ರಶ್ನೆಗೆ ಊರಿನ ಹೆಸರು ಹೇಳಿದರೆ ಸಾಲದು, ಕೇಳುತ್ತಿರುವುದು ಊರನ್ನಲ್ಲ, ಜಾತಿಯನ್ನು. “ಸಸ್ಯಾಹಾರಿಗಳಿಗೆ ಮಾತ್ರ” ಎಂಬ ಹಲಗೆಯ ಅರ್ಥವೂ ಅಡಿಗೆಗೆ ಮಾತ್ರ ಸೇರಿದ್ದಲ್ಲ. ಮುಸಲ್ಮಾನ ಹುಡುಗನಿಗೆ, ದಲಿತ ಹುಡುಗನಿಗೆ, ಮದುವೆಯಾಗದ ಹೆಣ್ಣಿಗೆ, ಗಂಡನಿಲ್ಲದ ತಾಯಿಗೆ “ನಿನ್ನೆಯೇ ಬೇರೆಯವರಿಗೆ ಕೊಟ್ಟುಬಿಟ್ಟೆವು” ಎಂಬ ಉತ್ತರ. ಹಲಗೆ ಮಾತ್ರ ಮರುವಾರವೂ ಅಲ್ಲೇ ತೂಗುತ್ತಿರುತ್ತದೆ. ದಿಲ್ಲಿಯಲ್ಲೂ ಅದರ ಸುತ್ತಲ ನಗರಗಳಲ್ಲೂ ಸುಖದೇವ ಥೋರಟ್ ಮತ್ತು ಸಂಗಡಿಗರು ಬಾಡಿಗೆ ಮನೆ ಕೇಳಿಸಿ ಪರೀಕ್ಷಿಸಿ ನೋಡಿದರು. ೨೦೧೫ರಲ್ಲಿ ಪ್ರಕಟವಾದ ಅವರ ವರದಿ ಹೇಳುವುದೂ ಇದನ್ನೇ: ಹೆಸರು ಬದಲಾದರೆ ಉತ್ತರವೂ ಬದಲಾಗುತ್ತದೆ.

ಸಂವಿಧಾನ ಏನು ಹೇಳುತ್ತದೆ ಎಂದು ನೀವು ಕೇಳಬಹುದು. ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ೧೫ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಇವುಗಳ ಹೆಸರು ಹಿಡಿದು, ಅಲ್ಲಿ ಯಾರನ್ನೂ ತಡೆಯಕೂಡದು ಎಂದಿದೆ. ಆದರೆ ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. ಹೋಟೆಲಿನಲ್ಲಿ ಪಕ್ಕದಲ್ಲಿ ಕೂತು ಊಟ ಮಾಡಬಹುದು, ಪಕ್ಕದ ಮನೆಯಲ್ಲಿ ಅಡಿಗೆ ಮಾಡುವುದು ಮಾತ್ರ ಆಗದು! ಇದರ ಫಲವೇನೆಂದರೆ, ಮನೆ ಸಿಗದವರಿಗೆ ಸಿಗುವ ಕೆಲವೇ ಬೀದಿಗಳಲ್ಲಿ ಬಾಡಿಗೆ ಇನ್ನಷ್ಟು ಏರುತ್ತದೆ. ಜಾತಿಯೂ ಒಂದು ದಲ್ಲಾಳಿಯೇ. ಅದರ ದಲ್ಲಾಳಿತನವನ್ನು ಬಡವನೇ ತೆರಬೇಕು.

ಇನ್ನು ಭೋಗ್ಯದ ಮಾತು. ಬೆಂಗಳೂರಿನಲ್ಲಿ ಇದನ್ನು ಲೀಸ್ ಎನ್ನುತ್ತಾರೆ. ಐದು ಲಕ್ಷವೋ ಎಂಟು ಲಕ್ಷವೋ ಒಮ್ಮೆಲೇ ಕೊಟ್ಟುಬಿಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲ. ಬಿಡುವಾಗ ಹಣ ಪೂರ್ತಿ ವಾಪಸು. ತಿಂಗಳು ತಿಂಗಳೂ ಬಾಡಿಗೆಗೆ ಪರದಾಡುವವನಿಗೆ ಇದು ಸ್ವರ್ಗದಂತೆ ಕಾಣುತ್ತದೆ. ಊರಿನ ಒಂದು ತುಂಡು ಜಮೀನು ಮಾರಿ ಭೋಗ್ಯಕ್ಕೆ ಹಾಕಿದವರು ಈ ಸಭೆಯಲ್ಲೇ ಇದ್ದೀರಿ. ಆದರೆ ಮೋಸಕ್ಕೆ ಇದಕ್ಕಿಂತ ದೊಡ್ಡ ಬಾಗಿಲಿಲ್ಲ. ಒಂದು ಬಗೆಯ ಮೋಸ ಹೀಗಿದೆ: ನಡುವಿನವನೊಬ್ಬ ಒಡೆಯನಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆದು, ಅದನ್ನೇ ನಿಮಗೆ ಭೋಗ್ಯಕ್ಕೆ ಕೊಟ್ಟು, ಲಕ್ಷಗಟ್ಟಲೆ ಕೈಗೆ ಬಂದ ಮೇಲೆ ಒಡೆಯನಿಗೆ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿ ಮಾಯವಾಗುತ್ತಾನೆ. ಒಡೆಯ ಬಂದು “ನೀವು ಯಾರು?” ಎನ್ನುತ್ತಾನೆ. ಇನ್ನೊಂದು ಬಗೆ: ಮನೆ ಮೊದಲೇ ಬ್ಯಾಂಕಿಗೆ ಅಡವಾಗಿರುತ್ತದೆ, ಸಾಲ ತೀರದಿದ್ದಾಗ ೨೦೦೨ರಲ್ಲಿ ಬಂದ ಸರ್ಫೇಸಿ ಕಾನೂನಿನಂತೆ ಬ್ಯಾಂಕಿನವರು ಬಂದು ಬೀಗ ಜಡಿಯುತ್ತಾರೆ. ನಿಮ್ಮ ಎಂಟು ಲಕ್ಷಕ್ಕೆ ಅಂಟಿಸಿದ ನೋಟೀಸೊಂದೇ ಉತ್ತರ. ಆದುದರಿಂದ ಭೋಗ್ಯಕ್ಕೆ ಹೋಗುವವರು ಉಪ ನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡದೆ, ಖಾತೆಯಲ್ಲಿರುವ ಒಡೆಯನ ಮುಖವನ್ನೇ ಕಾಣದೆ, ಪತ್ರವನ್ನು ನೋಂದಣಿ ಮಾಡಿಸದೆ ಒಂದು ರೂಪಾಯಿಯನ್ನೂ ಕೊಡಕೂಡದು. ಹಣ ಬ್ಯಾಂಕಿನ ಮೂಲಕವೇ ಹೋಗಬೇಕು.

ಕಾನೂನು ಇಲ್ಲವೇ? ಇತ್ತು, ಇದೆ, ಆದರೆ ಅದು ಯಾರಿಗೆ ಎಂಬುದೇ ಪ್ರಶ್ನೆ. ೧೯೬೧ರ ಬಾಡಿಗೆ ನಿಯಂತ್ರಣ ಕಾನೂನು ನಮ್ಮ ರಾಜ್ಯದಲ್ಲಿ ನಲವತ್ತು ವರ್ಷ ನಡೆಯಿತು. ಅದರ ಜಾಗಕ್ಕೆ ೧೯೯೯ರ ಬಾಡಿಗೆ ಅಧಿನಿಯಮ ೨೦೦೧ರ ಡಿಸೆಂಬರ್ ಕೊನೆಗೆ ಜಾರಿಗೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿ, ಇತರ ಕಡೆಗಳಲ್ಲಿ ೨,೦೦೦ ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯಿಸದು ಎಂದು ಅದರಲ್ಲೇ ಬರೆದರು. ಅಂದು ೩,೫೦೦ ದೊಡ್ಡ ಮೊತ್ತ. ಇಂದು ಆ ಬಾಡಿಗೆಗೆ ಬೆಂಗಳೂರಿನಲ್ಲಿ ತಗಡಿನ ಮಾಡು ಸಿಕ್ಕಿದರೆ ಪುಣ್ಯ. ಹನ್ನೊಂದು ತಿಂಗಳ ಕರಾರೆಂಬ ಇನ್ನೊಂದು ಚಮತ್ಕಾರವುಂಟು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ೧೯೦೮ರ ನೋಂದಣಿ ಕಾನೂನಿನಂತೆ ನೋಂದಾಯಿಸಬೇಕು. ಅದನ್ನು ತಪ್ಪಿಸಲು ಹನ್ನೊಂದು ತಿಂಗಳು ಎಂದು ಬರೆಯುತ್ತಾರೆ. ಹನ್ನೆರಡನೆಯ ತಿಂಗಳಿಗೆ ಬಾಡಿಗೆ ಏರಿಸಲು ಅದೇ ನೆಪವೂ ಆಗುತ್ತದೆ.

೨೦೨೧ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾನೂನೊಂದನ್ನು ಒಪ್ಪಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು ಎಂದು ಅದರಲ್ಲಿದೆ. ಇದು ಒಳ್ಳೆಯ ಮಾತು. ನಮ್ಮ ಹುಡುಗಿಯರ ಅರವತ್ತು ಸಾವಿರ ಹನ್ನೆರಡಕ್ಕೆ ಇಳಿಯುತ್ತಿತ್ತು. ಆದರೆ ಮಾದರಿಯೆಂದರೆ ಮಾದರಿಯೇ. ರಾಜ್ಯ ತಾನಾಗಿ ಒಪ್ಪಿ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಜೀವ. ಅಲ್ಲದೆ ಬಾಡಿಗೆ ಎಷ್ಟೆಂಬುದನ್ನು ಅದು ಒಡೆಯ ಬಾಡಿಗೆದಾರರ ಒಪ್ಪಂದಕ್ಕೇ ಬಿಟ್ಟಿದೆ. ಅವಧಿ ಮುಗಿದೂ ಮನೆ ಬಿಡದವನಿಗೆ ಮೊದಲ ಎರಡು ತಿಂಗಳು ಎರಡರಷ್ಟು, ಆಮೇಲೆ ನಾಲ್ಕರಷ್ಟು ಬಾಡಿಗೆಯ ದಂಡ ಹಾಕಿದೆ. ಒಳ್ಳೆಯದನ್ನು ಕೇಳಿ ಪಡೆಯೋಣ, ಕೆಟ್ಟದ್ದನ್ನು ಕಣ್ಣುಮುಚ್ಚಿ ನುಂಗದಿರೋಣ.

ಬಾಡಿಗೆಯನ್ನು ಎಲ್ಲಿದೆಯೋ ಅಲ್ಲೇ ಕಟ್ಟಿಹಾಕಿಬಿಟ್ಟರೆ ಆಗದೇ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಮುಂಬಯಿಯನ್ನು ನೋಡಿ. ೧೯೪೭ರ ಬಾಡಿಗೆ ಕಾನೂನಿನಿಂದ ಅಲ್ಲಿಯ ಚಾಳುಗಳಲ್ಲಿ ಬಾಡಿಗೆ ಹಾಗೆಯೇ ನಿಂತಿತು. ಕೂಲಿಕಾರ ಕುಟುಂಬಗಳು ತಲೆಮಾರುಗಟ್ಟಲೆ ನೆಲೆಯೂರಿದವು. ಅದು ಸಣ್ಣ ಲಾಭವಲ್ಲ. ಆದರೆ ಒಡೆಯರು ರಿಪೇರಿಯ ಗೊಡವೆಗೆ ಹೋಗಲಿಲ್ಲ, ಮಳೆಗಾಲದಲ್ಲಿ ಹಳೆಯ ಕಟ್ಟಡಗಳು ಕುಸಿದವು. ಬಾಗಿಲ ಹಿಂದೆ ಪಗಡಿಯೆಂಬ ಕಪ್ಪುಹಣದ ವ್ಯಾಪಾರ ಹುಟ್ಟಿತು. ಹೊಸ ಮನೆ ಕಟ್ಟದೆ ಹಳೆಯ ಮನೆಗೆ ಮಾತ್ರ ಬೇಲಿ ಹಾಕಿದರೆ, ಒಳಗಿದ್ದವನು ಉಳಿದಾನು. ಹೊರಗಿನಿಂದ ಬಸ್ಸಿಳಿದು ಬರುವ ನಿಮ್ಮ ಮಗಳ ಗತಿಯೇನು? ಆದುದರಿಂದ ಕಾನೂನೂ ಬೇಕು, ಮನೆಯೂ ಬೇಕು.

ಮನೆ ಕಟ್ಟುವುದು ಸರ್ಕಾರದ ಕೆಲಸವೇ ಎಂದು ಹುಬ್ಬೇರಿಸುವವರು ಬೆಂಗಳೂರಿನ ಚರಿತ್ರೆಯನ್ನು ಓದಬೇಕು. ೧೮೯೮ರಲ್ಲಿ ಪ್ಲೇಗು ಬಂದು ಪೇಟೆಯ ಗಲ್ಲಿಗಳಲ್ಲಿ ಜನ ಸತ್ತಾಗ ಜನ ಹೋಗಿ ನೆಲಸಿದ್ದು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ. ಅವನ್ನು ಅಳೆದು ಮಾಡಿಸಿದ್ದು ಸರ್ಕಾರವೇ. ವಿಮಾನ ಕಾರ್ಖಾನೆ ೧೯೪೦ರಲ್ಲಿ, ದೂರವಾಣಿ ಕಾರ್ಖಾನೆ ೧೯೪೮ರಲ್ಲಿ, ಎಚ್.ಎಂ.ಟಿ. ೧೯೫೩ರಲ್ಲಿ, ಬಿ.ಇ.ಎಲ್. ೧೯೫೪ರಲ್ಲಿ ಬಂದವು, ಅವುಗಳ ಪಕ್ಕದಲ್ಲೇ ಕೆಲಸಗಾರರ ಕಾಲೊನಿಗಳೆದ್ದವು. ಎಲ್ಲರಿಗೂ ಮನೆ ಸಿಕ್ಕಿತೆಂದಲ್ಲ. ಆದರೆ ದುಡಿಯಲು ಕರೆದವನು ಮಲಗಲು ಜಾಗವನ್ನೂ ಯೋಚಿಸಬೇಕೆಂಬ ಒಂದು ಮರ್ಯಾದೆ ಆಗ ಇತ್ತು. ಬಟ್ಟೆಯ ಕಾರ್ಖಾನೆಗಳೂ ತಂತ್ರಾಂಶದ ಕಚೇರಿಗಳೂ ಬಂದಾಗ ಆ ಮರ್ಯಾದೆ ಹೋಯಿತು. ಲಕ್ಷಗಟ್ಟಲೆ ಜನರನ್ನು ಕರೆದರು. ಎಲ್ಲಿರುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಕೋವಿಡ್ ಕಾಲದಲ್ಲಿ ಊರಿಗೆ ಹೋಗಿದ್ದವರನ್ನು ೨೦೨೨ರಿಂದ ಕಚೇರಿಗಳು ಮರಳಿ ಕರೆದಾಗ, ಒಂದೇ ಸಮನೆ ಬಾಡಿಗೆ ಏರಿದ್ದನ್ನು ಎಲ್ಲರೂ ಕಂಡರು. ಐ.ಟಿ.ಯವನ ಮನೆಯ ಬಾಡಿಗೆ ಏರಿದರೆ ಅವನು ಒಂದು ಬಡಾವಣೆ ಹಿಂದಕ್ಕೆ ಸರಿಯುತ್ತಾನೆ. ಅಲ್ಲಿದ್ದ ಗುಮಾಸ್ತ ಇನ್ನೊಂದು ಹೆಜ್ಜೆ. ಕೊನೆಗೆ ಹೊಲಿಗೆಯ ಹುಡುಗಿ ಎರಡು ಬಸ್ಸು ಬದಲಾಯಿಸುವಷ್ಟು ದೂರಕ್ಕೆ.

ಬಡವರಿಗೆಂದು ಕಟ್ಟಿದ ಮನೆಗಳ ಗತಿ ಏನಾಯಿತು? ಬೆಂಗಳೂರಿನ ಈಜಿಪುರದಲ್ಲಿ ಸುಮಾರು ೧೫ ಎಕರೆ ಜಾಗದಲ್ಲಿ ನಗರಪಾಲಿಕೆ ಬಡ ಕುಟುಂಬಗಳಿಗೆಂದು ಒಂದೂವರೆ ಸಾವಿರದಷ್ಟು ಮನೆ ಕಟ್ಟಿತ್ತು. ಕಟ್ಟಿದ್ದು ಎಷ್ಟು ಗಟ್ಟಿಯೆಂದರೆ, ೨೦೦೭ರಲ್ಲಿ ಅದರ ಒಂದು ಭಾಗ ಕುಸಿದು ಜನ ಸತ್ತರು. ಮತ್ತೆ ಕಟ್ಟಿಕೊಡುತ್ತೇವೆಂದು ಖಾಸಗಿಯವರೊಡನೆ ಒಪ್ಪಂದವಾಯಿತು. ಒಂದು ಪಾಲು ಜಾಗ ವ್ಯಾಪಾರ ಸಂಕೀರ್ಣಕ್ಕೆ. ೨೦೧೩ರ ಜನವರಿಯ ಚಳಿಯಲ್ಲಿ ಅಲ್ಲಿಯ ತಗಡಿನ ಶೆಡ್ಡುಗಳನ್ನೂ ಕೆಡವಿ, ಮಕ್ಕಳು ಮರಿ ಸಹಿತ ಜನರನ್ನು ಬೀದಿಗೆ ಹಾಕಿದರು. ಬಡವನ ನೆಲ ನಗರದ ನಡುವಿಗೆ ಬಂದ ಕೂಡಲೇ ಅದು ಬಡವನಿಗೆ ತುಂಬಾ ದುಬಾರಿಯಾಯಿತೆಂದು ತೀರ್ಮಾನವಾಗಿಬಿಡುತ್ತದೆ.

ಮನೆಗಳೇ ಇಲ್ಲವೆಂದೂ ಅಲ್ಲ. ೨೦೧೧ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲಿ ಸುಮಾರು ೧.೧ ಕೋಟಿ ಮನೆಗಳು ಖಾಲಿಯಿದ್ದವು. ಮರುವರ್ಷ, ೨೦೧೨ರಲ್ಲಿ, ಸರ್ಕಾರದ ತಜ್ಞರ ತಂಡವೇ ಪಟ್ಟಣಗಳಲ್ಲಿ ೧.೮೭ ಕೋಟಿ ಮನೆಗಳ ಕೊರತೆ ಇದೆಯೆಂದು ಲೆಕ್ಕ ಕೊಟ್ಟಿತು. ಆ ಕೊರತೆ ನೂರಕ್ಕೆ ತೊಂಬತ್ತೈದರಷ್ಟು ಬಡವರ, ಕಡಿಮೆ ವರಮಾನದವರ ಕೊರತೆ. ಒಂದು ಕಡೆ ಜನವಿಲ್ಲದ ಮನೆ, ಇನ್ನೊಂದು ಕಡೆ ಮನೆಯಿಲ್ಲದ ಜನ. ೨೦೨೦ರ ಮಾರ್ಚ್ ೨೯ರಂದು, ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಕೇಂದ್ರ ಸರ್ಕಾರ ಆಜ್ಞೆ ಹೊರಡಿಸಿತು. ಆ ಆಜ್ಞೆ ಎಷ್ಟು ಬಾಗಿಲುಗಳನ್ನು ತಲುಪಿತೆಂಬುದನ್ನು ಹೆದ್ದಾರಿಯಲ್ಲಿ ನಡೆದುಹೋದ ಕಾಲುಗಳೇ ಹೇಳಿದವು. ಅದೇ ಜುಲೈನಲ್ಲಿ, ಸರ್ಕಾರದ ಹಣದಿಂದ ಕಟ್ಟಿ ಖಾಲಿ ಬಿದ್ದಿದ್ದ ಲಕ್ಷಕ್ಕೂ ಹೆಚ್ಚು ಮನೆಗಳನ್ನು ಕೂಲಿಕಾರರಿಗೆ ಕಡಿಮೆ ಬಾಡಿಗೆಗೆ ಕೊಡುವ ಯೋಜನೆ ಬಂತು. ಮುಂದಿನ ವರ್ಷಗಳಲ್ಲಿ ಹಾಗೆ ಬಾಡಿಗೆಗೆ ತಿರುಗಿದ್ದು ಕೆಲವೇ ಸಾವಿರ.

ಆಗುವುದೇ ಇಲ್ಲವೆಂದು ಕೈಚೆಲ್ಲುವವರಿಗೆ ಒಂದು ಊರಿನ ಹೆಸರು ಹೇಳುತ್ತೇವೆ: ಆಸ್ಟ್ರಿಯಾದ ವಿಯೆನ್ನಾ. ಮೊದಲ ಮಹಾಯುದ್ಧದಲ್ಲಿ ಸೋತು, ಹಸಿವಿನಿಂದ ಬಳಲಿ, ಒಂದೇ ಹಾಸಿಗೆಯಲ್ಲಿ ಪಾಳಿಯ ಮೇಲೆ ಮಲಗುವ ಕೂಲಿಕಾರರಿದ್ದ ಊರು ಅದು. ೧೯೧೯ರಲ್ಲಿ ಅಲ್ಲಿಯ ನಗರಸಭೆ ಸಮಾಜವಾದಿಗಳ ಕೈಗೆ ಬಂತು. ೧೯೨೩ರಲ್ಲಿ ಅವರು ಮನೆಗಳ ಮೇಲೆ ಒಂದು ತೆರಿಗೆ ಹಾಕಿದರು. ಸಣ್ಣ ಮನೆಗೆ ಅತ್ಯಲ್ಪ, ಬಂಗಲೆಗೆ ಅತಿ ಹೆಚ್ಚು. ಆ ಹಣದಿಂದ ೧೯೩೪ರೊಳಗೆ ಅರವತ್ತು ಸಾವಿರಕ್ಕೂ ಹೆಚ್ಚು ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ೧೯೩೦ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ಕಟ್ಟಡ ಒಂದು ಕಿಲೋಮೀಟರಿಗೂ ಉದ್ದ. ಅದರಲ್ಲಿ ಸುಮಾರು ೧,೪೦೦ ಮನೆ, ಬಟ್ಟೆ ಒಗೆಯುವ ಮನೆ, ಶಿಶುವಿಹಾರ, ಗ್ರಂಥಾಲಯ. ೧೯೩೪ರಲ್ಲಿ ಸರ್ವಾಧಿಕಾರಿಗಳು ಅದರ ಮೇಲೆ ಫಿರಂಗಿ ಹಾರಿಸಿದರು. ಕಟ್ಟಡ ಬೀಳಲಿಲ್ಲ. ಇಂದಿಗೂ ವಿಯೆನ್ನಾ ನಗರದ ಸ್ವಂತದ್ದಾಗಿ ಸುಮಾರು ೨.೨ ಲಕ್ಷ ಬಾಡಿಗೆ ಮನೆಗಳಿವೆ. ಆ ಊರಿನ ಅರ್ಧದಷ್ಟು ಜನ ನಗರದ ಅಥವಾ ನಗರದ ನೆರವಿನ ಮನೆಗಳಲ್ಲಿದ್ದಾರೆ. ಅವರು ದಾನ ಪಡೆಯುತ್ತಿಲ್ಲ, ಬಾಡಿಗೆ ಕೊಡುತ್ತಿದ್ದಾರೆ. ಒಡೆಯ ಮಾತ್ರ ಅವರೇ ಆರಿಸಿದ ನಗರಸಭೆ. ಅಂಥ ಮನೆಗಳು ಇರುವುದರಿಂದ ಖಾಸಗಿ ಒಡೆಯನೂ ಮನಬಂದಷ್ಟು ಕೇಳಲಾರ.

ಬೆಂಗಳೂರಿಗೆ ವಿಯೆನ್ನಾವನ್ನು ನಾಳೆಯೇ ತರುತ್ತೇವೆಂದು ನಾವು ಭರವಸೆ ಕೊಡುವುದಿಲ್ಲ. ನಾವು ಕೇಳುವುದು ಮೂರು. ಒಂದು, ಮುಂಗಡ ಎರಡು ತಿಂಗಳಿಗೆ ಮೀರಕೂಡದು. ಅದು ನಮ್ಮ ರಾಜ್ಯದ ಕಾನೂನಾಗಬೇಕು, ಮತ್ತು ಮುಂಗಡದ ಜಗಳವನ್ನು ವಕೀಲರಿಲ್ಲದೆ ತಿಂಗಳೊಪ್ಪತ್ತಿನಲ್ಲಿ ತೀರಿಸುವ ಕಟ್ಟೆಯೊಂದು ಪ್ರತಿ ವಲಯದಲ್ಲಿರಬೇಕು. ಎರಡು, ಸಾವಿರಾರು ಜನರನ್ನು ಕೆಲಸಕ್ಕೆ ಕರೆಯುವ ಕಾರ್ಖಾನೆಗೆ ನೆಲ, ನೀರು, ವಿದ್ಯುತ್ತು ಕೊಡುವ ಸರ್ಕಾರ, ಅದರ ಹತ್ತಿರವೇ ಬಾಡಿಗೆ ಮನೆಗಳನ್ನೂ ಕಟ್ಟಿಸಬೇಕು; ಮಾರುವುದಕ್ಕಲ್ಲ, ಬಾಡಿಗೆಗೆ. ಮೂರು, ಜಾತಿ ಮತ ಕೇಳಿ ಮನೆ ನಿರಾಕರಿಸುವುದು ಅಪರಾಧವೆಂದು ಸ್ಪಷ್ಟವಾಗಿ ಬರೆಯಬೇಕು.

ಇದೆಲ್ಲ ಆಗುವವರೆಗೆ ನೀವೇನು ಮಾಡಬೇಕು? ಇಲ್ಲಿ ಮತ್ತೆ ಗೇಣಿಯ ಕಾಲಕ್ಕೆ ಹೋಗೋಣ. ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು, ಉಳುವವನೇ ಹೊಲದೊಡೆಯನಾಗಬೇಕೆಂದಾಗ, ನಮ್ಮ ಗೇಣಿದಾರರು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಪಹಣಿಯಲ್ಲಿ ಹೆಸರಿದ್ದವನು, ಗೇಣಿ ಚೀಟಿ ಜೋಪಾನ ಮಾಡಿದ್ದವನು ತಲೆಯೆತ್ತಿ ಮಾತಾಡಿದ. ತಲೆಮಾರು ಉತ್ತರೂ ಒಂದು ಚೂರು ಕಾಗದವಿಲ್ಲದವನು ಸಾಕ್ಷಿಗಾಗಿ ಊರೆಲ್ಲ ಅಲೆದ. ಆ ಪಾಠ ಮರೆಯಬೇಡಿ. ಮುಂಗಡದ ಒಂದೊಂದು ರೂಪಾಯಿಯೂ ಕರಾರಿನಲ್ಲಿ ಬರಲಿ. ಬಾಡಿಗೆಯನ್ನು ಬ್ಯಾಂಕಿನ ಮೂಲಕವೋ ಫೋನಿನ ಮೂಲಕವೋ ಕಳಿಸಿ. ನಗದು ಕೊಟ್ಟರೆ ರಸೀದಿ ಕೇಳಿ. ಕೇಳುವುದು ಅಪನಂಬಿಕೆಯಲ್ಲ, ಲೆಕ್ಕ. ಒಳಗೆ ಹೋದ ದಿನವೇ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲದರ ಫೋಟೋ ತೆಗೆದು ಒಡೆಯರಿಗೂ ಕಳಿಸಿ. ವಿದ್ಯುತ್ ಮೀಟರು ಬೇರೆಯೋ ಒಟ್ಟಿನದೋ ನೋಡಿ. ೨೦೨೩ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ನಾಲ್ಕು ಮನೆಗೆ ಒಂದೇ ಮೀಟರಿದ್ದರೆ ಅದರ ಬೆಳಕು ನಿಮ್ಮ ಕೋಣೆಗೆ ಬರುವುದಿಲ್ಲ. ೨೦೨೪ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ಟ್ಯಾಂಕರಿನ ಹಣ ಯಾರದೆಂಬ ಜಗಳ ಮನೆಮನೆಯಲ್ಲಾಯಿತು. ಆದುದರಿಂದ ಕಾವೇರಿ ನೀರುಂಟೋ, ಇಲ್ಲದಿದ್ದರೆ ನೀರು ತರಿಸುವವರಾರು ಎಂಬುದನ್ನೂ ಕರಾರಿನಲ್ಲೇ ಬರೆಸಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಒಬ್ಬರೇ ಹೋಗಬೇಡಿ. ೧೯೧೫ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಗಂಡಸರು ಯುದ್ಧಕ್ಕೆ ಹೋಗಿದ್ದಾಗ ಒಡೆಯರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಎಂಬ ಗೃಹಿಣಿಯ ಹಿಂದೆ ಬೀದಿಬೀದಿಯ ಹೆಂಗಸರು ನಿಂತು, ಏರಿಸಿದ ಬಾಡಿಗೆ ಕೊಡೆವು ಎಂದರು. ಅದೇ ವರ್ಷ ಸರ್ಕಾರ ಬಾಡಿಗೆ ಏರಿಕೆ ತಡೆಯುವ ಕಾನೂನು ಮಾಡಬೇಕಾಯಿತು. ದೂರದ ಮಾತೇಕೆ, ೨೦೧೬ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ನಿಯಮ ಬದಲಿಸಿದಾಗ, ಬೆಂಗಳೂರಿನ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಯಾವ ಪುಢಾರಿಯನ್ನೂ ಕಾಯದೆ ರಸ್ತೆಗಿಳಿದರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಅಷ್ಟು ಮಾಡಬಲ್ಲವರು ಒಂದು ಗಲ್ಲಿಯ ನಾಲ್ಕು ವಠಾರಗಳಲ್ಲಿ ಒಂದು ಬಾಡಿಗೆದಾರರ ಸಂಘ ಮಾಡಲಾರರೇ? ಯಾರ ಮುಂಗಡ ಎಷ್ಟು, ಯಾರಿಗೆ ಎಷ್ಟು ವಾಪಸು ಬಂತು ಎಂದು ಒಂದು ನೋಟುಪುಸ್ತಕ ಇಟ್ಟರೆ ಸಾಕು, ಸಂಘ ಅಲ್ಲಿಂದಲೇ ಶುರುವಾಯಿತು.

ಕೊನೆಯದಾಗಿ ಒಂದು ಮಾತು. ನಮ್ಮ ಕಚೇರಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವಿರುತ್ತೇವೆ. ಬೆಂಗಳೂರಿನ ಕರಾರು ಪತ್ರವನ್ನು ಯಾರೇ ತನ್ನಿ, ಫೋನಿನಲ್ಲೇ ಕಳಿಸಿ, ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತೇವೆ. ಇದು ಉಪಕಾರವಲ್ಲ. ಒಂದು ಸಲ ಓದದೆ ರುಜು ಹಾಕಿದವರು ತೀರಿಸುತ್ತಿರುವ ಸಾಲ. ಇಂದು ರಾತ್ರಿ ಬಸ್ಸು ಹತ್ತುವ ಮಕ್ಕಳೇ, ಉಪ್ಪಿನಕಾಯಿಯ ಡಬ್ಬಿಯ ಜೊತೆಗೆ ಒಂದು ರಸೀದಿ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಳ್ಳಿ. ತಾಯಂದಿರೇ, ಬಸ್ಸು ಹೊರಡುವ ಮುನ್ನ ಆ ಒಂದು ಪ್ರಶ್ನೆಯನ್ನು ಕೇಳಿಬಿಡಿ.